ಬಣ್ಣವಿಲ್ಲದ ಗಾಜು: ಕೋಂಕ್ ಚರ್ಚಿನ ಕಿಟಕಿಗಳ ಹಿನ್ನೆಲೆ

ಪುರಾತನ ಚರ್ಚಿನ ಕಿಟಕಿಗೆ ಇಂದಿನ ಕಲಾವಿದರ ಗಾಜನ್ನು ಕೂರಿಸಬಹುದೇ ಎಂಬ ಪ್ರಶ್ನೆ ಫ್ರಾನ್ಸಿನಲ್ಲಿ ಮತ್ತೆ ಕಾವೇರಿರುವುದು ಪ್ಯಾರಿಸ್‌ನ ನೋತ್ರ್ ದಾಮ್‌ಗೆ ಹೊಸ ಕಿಟಕಿಗಳನ್ನು ಅಳವಡಿಸುವ ಯೋಜನೆ 2023ರಲ್ಲಿ ಪ್ರಕಟವಾದ ಮೇಲೆ. ಆದರೆ ದಕ್ಷಿಣ ಫ್ರಾನ್ಸಿನ ಅವೆರೋನ್ ಪ್ರಾಂತ್ಯದ ಕೋಂಕ್ ಎಂಬ ಪುಟ್ಟ ಹಳ್ಳಿ ಇದೇ ತಕರಾರನ್ನು ಮೂರು ದಶಕಗಳ ಹಿಂದೆಯೇ ಕಂಡಿದೆ.

ಕೋಂಕ್‌ನ ಹೆಸರು ಬೆಳೆದದ್ದು ಒಂದು ಕಳವಿನಿಂದ. ಬಾಲಸಂತಳಾದ ಫ್ವಾಳ ಅಸ್ಥಿಗಳನ್ನು ಇಲ್ಲಿನ ಸನ್ಯಾಸಿಯೊಬ್ಬ 9ನೇ ಶತಮಾನದಲ್ಲಿ ಅಜಾಂ ಪಟ್ಟಣದಿಂದ ಕದ್ದು ತಂದನೆಂದು ಮಠದ ಐತಿಹ್ಯವೇ ಸಂಕೋಚವಿಲ್ಲದೆ ಹೇಳುತ್ತದೆ. ಸ್ಪೇನಿನ ಸಾಂತಿಯಾಗೊಗೆ ನಡೆದುಹೋಗುವ ಯಾತ್ರಿಕರು ಇಲ್ಲಿ ತಂಗತೊಡಗಿದರು; 11ನೇ ಶತಮಾನದ ಮಧ್ಯದಲ್ಲಿ ಈಗಿನ ಚರ್ಚಿನ ಕೆಲಸ ಆರಂಭವಾಯಿತು.

ಕಡಿದಾದ ಇಳಿಜಾರಿನಲ್ಲಿ ಉದ್ದಕ್ಕೆ ಕಟ್ಟಲು ಜಾಗವಿರಲಿಲ್ಲವಾದ್ದರಿಂದ ಕಟ್ಟಡ ಮೇಲಕ್ಕೆ ಏರಿತು. ಕಿರಿದಾದ ನಡುವಣ ಅಂಕಣ ಸುಮಾರು 22 ಮೀಟರ್ ಎತ್ತರವಿದೆ. ಅದರ ಮೇಲೆ ಪೀಪಾಯಿಯನ್ನು ಸೀಳಿ ಬೋರಲು ಹಾಕಿದಂಥ ಕಲ್ಲಿನ ಚಾವಣಿಯಿದ್ದು, ಗೋಡೆಗಳನ್ನು ಹೊರಕ್ಕೆ ತಳ್ಳುವ ಅದರ ಭಾರವನ್ನು ಇಕ್ಕೆಲದ ಉಪ್ಪರಿಗೆಗಳ ಅರೆಗಮಾನುಗಳು ತಡೆದು ನಿಲ್ಲಿಸುತ್ತವೆ. ಹೀಗಾಗಿ ನಡುವಣ ಅಂಕಣದ ಗೋಡೆಗೆ ಸ್ವಂತ ಕಿಟಕಿಗಳಿಲ್ಲ. ಬೆಳಕು ಕೈಸಾಲೆ ಮತ್ತು ಉಪ್ಪರಿಗೆಗಳನ್ನು ದಾಟಿ, ಮೆತ್ತಗಾಗಿ ಒಳಗೆ ಬರುತ್ತದೆ. ಗಾಜಿನ ಪ್ರಶ್ನೆ ಇಲ್ಲಿ ಅಲಂಕಾರದ ಪ್ರಶ್ನೆಯಲ್ಲ, ಕಟ್ಟಡದ ಉಸಿರಿನ ಪ್ರಶ್ನೆ ಎನ್ನಲು ಇದೇ ಕಾರಣ. ಪಶ್ಚಿಮ ಬಾಗಿಲಿನ ಮೇಲೆ 124 ಆಕೃತಿಗಳ ಅಂತಿಮ ತೀರ್ಪಿನ ಶಿಲ್ಪವಿದೆ. 12ನೇ ಶತಮಾನದ ಆ ಕಲ್ಲಿನಲ್ಲಿ ಹಳೆಯ ಬಣ್ಣದ ಕುರುಹುಗಳು ಇನ್ನೂ ಅಂಟಿಕೊಂಡಿವೆ.

1568ರ ಧಾರ್ಮಿಕ ಯುದ್ಧದಲ್ಲಿ ಬೆಂಕಿ ಬಿತ್ತು. ಮಹಾಕ್ರಾಂತಿಯ ದಿನಗಳಲ್ಲಿ ಊರಿನವರು ಚರ್ಚಿನ ಚಿನ್ನದ ಭಂಡಾರವನ್ನು ತಮ್ಮ ಮನೆಗಳಲ್ಲಿ ಬಚ್ಚಿಟ್ಟು ಕಾಪಾಡಿದರು. 1837ರಲ್ಲಿ ಸ್ಮಾರಕಗಳ ಮಹಾನಿರೀಕ್ಷಕ ಪ್ರೋಸ್ಪೆರ್ ಮೆರಿಮೆ ಬಂದು ನೋಡಿದ ಮೇಲೆ ಸರ್ಕಾರದ ಗಮನ ಬಿದ್ದಿತು. ಮುಂಭಾಗದ ಎರಡು ಗೋಪುರಗಳ ಇಂದಿನ ರೂಪ 19ನೇ ಶತಮಾನದ ಕೊನೆಯದು. ಸಂತರ ಚಿತ್ರಗಳಿದ್ದ ವರ್ಣಗಾಜುಗಳು ಬಂದದ್ದು 20ನೇ ಶತಮಾನದ ನಡುವಿನಲ್ಲಿ.

1986ರಲ್ಲಿ ಸರ್ಕಾರ ಹೊಸ ಕಿಟಕಿಗಳ ಕೆಲಸವನ್ನು ಪಿಯೆರ್ ಸುಲಾಜ್ ಅವರಿಗೆ ವಹಿಸಿತು. ಹತ್ತಿರದ ರೊಡೆಜ್‌ನಲ್ಲಿ ಹುಟ್ಟಿದ ಈ ಚಿತ್ರಕಾರ, ಕಲೆಯೇ ತನ್ನ ಬದುಕೆಂದು ಹದಿಹರೆಯದಲ್ಲಿ ನಿಶ್ಚಯಿಸಿದ್ದು ಇದೇ ಚರ್ಚಿನೊಳಗೆ. ಅವರಿಗೆ ಬೇಕಿದ್ದುದು ಬೆಳಕನ್ನು ಬಿಡುವ, ಆದರೆ ಹೊರಗಿನ ನೋಟವನ್ನು ತೋರಿಸದ ಗಾಜು. ನೂರಾರು ಪ್ರಯೋಗಗಳ ಬಳಿಕ, ಸಣ್ಣ ದೊಡ್ಡ ಗಾಜಿನ ಹರಳುಗಳನ್ನು ಕರಗಿಸಿ ಬೆಸೆದು ಅದನ್ನು ಪಡೆದರು. ತುಲೂಸಿನ ಗಾಜುಗಾರ ಜಾನ್ ದೊಮಿನಿಕ್ ಫ್ಲೂರಿ ಅವರ ಜೊತೆಗಿದ್ದರು. ಸೀಸದ ಗೆರೆಗಳು ಓರೆಯಾಗಿ, ಮೆಲ್ಲಗೆ ಬಾಗಿ ಸಾಗುತ್ತವೆ. ಸಂತರಿಲ್ಲ, ಕತೆಯಿಲ್ಲ, ಬಣ್ಣವಿಲ್ಲ. 104 ಕಿಟಕಿಗಳು 1994ರಲ್ಲಿ ಉದ್ಘಾಟನೆಯಾದವು.

ಊರಿನಲ್ಲಿ ಅಸಮಾಧಾನವಿತ್ತು, ಅದು ಸಹಜವೂ ಹೌದು: ಪ್ರಾರ್ಥನೆಯ ಹೊತ್ತಿಗೆ ಕಣ್ಣಿಗೆ ಬೀಳುತ್ತಿದ್ದ ಚಿತ್ರಗಳನ್ನು ಕಳೆದುಕೊಂಡವರ ನೋವನ್ನು ಅಜ್ಞಾನವೆನ್ನಲಾಗದು. ಆದರೆ ತೆಗೆದ ಗಾಜು ಮಧ್ಯಯುಗದ್ದಾಗಿರಲಿಲ್ಲ ಎಂಬ ಸಂಗತಿ ವಾದದ ಭರದಲ್ಲಿ ಮರೆಯಾಗುತ್ತದೆ. ಹಳದಿ ಸುಣ್ಣಕಲ್ಲು, ಕೆಂಪು ಮರಳುಗಲ್ಲು, ಬೂದು ಪದರಗಲ್ಲುಗಳ ನಿಜವಾದ ಬಣ್ಣ ಈಗ ಕಾಣುತ್ತದೆ. ಗಾಜಿಗೆ ತನ್ನದೇ ಬಣ್ಣವಿಲ್ಲದಿದ್ದರೂ ಹೊತ್ತು ಸರಿದಂತೆ ಒಂದು ಕಿಟಕಿ ನೀಲಿಗೆ ತಿರುಗುತ್ತದೆ, ಪಕ್ಕದ್ದು ಕಿತ್ತಳೆಯ ಕಡೆಗೆ ವಾಲುತ್ತದೆ.