ಆಯ್ಲರ್‌ಗೆ ರಸ್ತೆ, ಹ್ಯಾಮಿಲ್ಟನ್‌ಗೆ ಊರು

ಡಿಸ್ಕ್ರೀಟ್ ಮ್ಯಾಥ್ಸ್‌ನ ಗ್ರಾಫ್ ಥಿಯರಿಯಲ್ಲಿ (ಬಿಂದುಗಳನ್ನು ಗೆರೆಗಳಿಂದ ಜೋಡಿಸಿದ ಚಿತ್ರಗಳ ಗಣಿತ) ನಾನು ಜಾಸ್ತಿ ಎಡವಿದ್ದು ಒಂದೇ ಕಡೆ. ಆಯ್ಲರ್ ಸರ್ಕ್ಯೂಟ್ ಯಾವುದು, ಹ್ಯಾಮಿಲ್ಟನ್ ಸರ್ಕ್ಯೂಟ್ ಯಾವುದು? ಇಂಟರ್ನಲ್ಸ್‌ನಲ್ಲಿ ಒಂದರ ವ್ಯಾಖ್ಯೆಯನ್ನು ಇನ್ನೊಂದಕ್ಕೆ ಬರೆದು ಬಂದೆ. ಆಮೇಲೆ ನಮ್ಮ ಕೊಡಗಿನ ರಸ್ತೆಗಳನ್ನೇ ನೋಟ್‌ಬುಕ್‌ನಲ್ಲಿ ಗೀಚಿಕೊಂಡೆ. ಅವತ್ತಿನಿಂದ ಮರೆತಿಲ್ಲ.

ಮಳೆಗಾಲದಲ್ಲಿ ಮರ ಬಿದ್ದಿದೆಯಾ, ಗುಡ್ಡ ಜರಿದಿದೆಯಾ ಎಂದು ನೋಡಲು ಹೊರಟ ಜೀಪನ್ನು ನೆನೆಯಿರಿ. ಅದಕ್ಕೆ ರಸ್ತೆ ಮುಖ್ಯ. ಒಂದೇ ಊರಿಗೆ ಎರಡು ಸಲ ಬಂದರೂ ಚಿಂತೆಯಿಲ್ಲ, ಪ್ರತಿ ರಸ್ತೆಯಲ್ಲೂ ಸರಿಯಾಗಿ ಒಂದು ಸಲ ಹೋಗಬೇಕು. ಇದು ಆಯ್ಲರ್. ಅಂಗಡಿಗಳಿಗೆ ಬಿಸ್ಕೆಟ್ ಹಾಕುವ ವ್ಯಾನ್‌ಗೆ ಊರು ಮುಖ್ಯ. ಪ್ರತಿ ಊರಿಗೂ ಒಂದೇ ಸಲ ಹೋಗಬೇಕು, ಯಾವುದೋ ರಸ್ತೆ ಬಿಟ್ಟುಹೋದರೆ ಅದಕ್ಕೇನು? ಇದು ಹ್ಯಾಮಿಲ್ಟನ್. ಎರಡರಲ್ಲೂ ಹೊರಟಲ್ಲಿಗೇ ವಾಪಸ್ ಬಂದರೆ ಸರ್ಕ್ಯೂಟ್, ಬೇರೆ ಕಡೆ ನಿಂತರೆ ಪಾಥ್.

ಈಗ ಗ್ರಾಫ್ ಬರೆಯೋಣ. ಊರು ಎಂದರೆ ವರ್ಟೆಕ್ಸ್, ರಸ್ತೆ ಎಂದರೆ ಎಡ್ಜ್. ಸಣ್ಣ ಊರು, ಕವಲು ಎಲ್ಲ ಬಿಟ್ಟಿದ್ದೇನೆ. ಮಡಿಕೇರಿಯಿಂದ ಮೂರ್ನಾಡು, ಭಾಗಮಂಡಲ, ಸಿದ್ದಾಪುರ, ಕುಶಾಲನಗರಕ್ಕೆ ನಾಲ್ಕು ರಸ್ತೆ. ಮೂರ್ನಾಡಿನಿಂದ ನಾಪೋಕ್ಲು ಮತ್ತು ವಿರಾಜಪೇಟೆಗೆ ಎರಡು. ನಾಪೋಕ್ಲು–ಭಾಗಮಂಡಲ, ವಿರಾಜಪೇಟೆ–ಸಿದ್ದಾಪುರ, ಕುಶಾಲನಗರ–ಸಿದ್ದಾಪುರ ಇನ್ನು ಮೂರು. ಒಟ್ಟು 7 ಊರು, 9 ರಸ್ತೆ.

ಒಂದು ಊರಿಗೆ ಎಷ್ಟು ರಸ್ತೆ ಸೇರುತ್ತವೋ ಅದೇ ಅದರ ಡಿಗ್ರಿ. ಮಡಿಕೇರಿಗೆ 4, ಮೂರ್ನಾಡು ಮತ್ತು ಸಿದ್ದಾಪುರಕ್ಕೆ 3, ಉಳಿದ ನಾಲ್ಕಕ್ಕೂ 2. ಕೂಡಿಸಿದರೆ 18, ಅಂದರೆ 9ರ ಎರಡರಷ್ಟು. ಪ್ರತಿ ರಸ್ತೆಗೂ ಎರಡು ತುದಿ ಇರುತ್ತದೆ ಅಲ್ವಾ, ಹಾಗಾಗಿ ಇದು ಯಾವ ಗ್ರಾಫ್‌ನಲ್ಲೂ ತಪ್ಪುವುದಿಲ್ಲ. ಇದರಿಂದಲೇ ಬೆಸ ಡಿಗ್ರಿಯ ವರ್ಟೆಕ್ಸ್‌ಗಳ ಸಂಖ್ಯೆ ಯಾವಾಗಲೂ ಸಮ. 'ಒಂದೇ ಒಂದು ಬೆಸ ವರ್ಟೆಕ್ಸ್ ಇರುವ ಗ್ರಾಫ್ ಬರೆಯಿರಿ' ಎಂದು ಕೇಳಿದರೆ ಪೆನ್ಸಿಲ್ ಎತ್ತಲೇಬೇಡಿ.

ಆಯ್ಲರ್ ನಿಯಮ ಬಾಯಿಪಾಠ ಬೇಡ. ಜೀಪ್ ಒಂದು ಊರಿಗೆ ಒಂದು ರಸ್ತೆಯಲ್ಲಿ ಬಂದರೆ, ಹೊರಡಲು ಇನ್ನೊಂದು ಹೊಸ ರಸ್ತೆ ಬೇಕು. ಬರಲು ಒಂದು, ಹೋಗಲು ಒಂದು, ಹೀಗೆ ರಸ್ತೆಗಳು ಜೋಡಿಯಾಗಿಯೇ ಖರ್ಚಾಗುತ್ತವೆ. ಬೆಸ ಇದ್ದರೆ ಒಂದು ರಸ್ತೆ ಒಂಟಿಯಾಗಿ ಉಳಿಯುತ್ತದೆ. ಅಂಥ ಊರಿನಲ್ಲಿ ಪ್ರಯಾಣ ಶುರುವಾಗಬೇಕು, ಇಲ್ಲವೇ ಮುಗಿಯಬೇಕು. ಆದ್ದರಿಂದ ಗ್ರಾಫ್ ಬಿಡಿಬಿಡಿಯಾಗಿರದೆ, ಬೆಸ ಊರು ಒಂದೂ ಇಲ್ಲದಿದ್ದರೆ ಸರ್ಕ್ಯೂಟ್ ಉಂಟು. ಎರಡಿದ್ದರೆ ಪಾಥ್ ಮಾತ್ರ. ಅದಕ್ಕಿಂತ ಜಾಸ್ತಿ ಇದ್ದರೆ ಎರಡೂ ಇಲ್ಲ.

ನಮ್ಮಲ್ಲಿ ಬೆಸ ಎರಡು. ಹಾಗಾಗಿ ಜೀಪ್ ಮೂರ್ನಾಡಿನಿಂದ ಹೊರಟು ಸಿದ್ದಾಪುರದಲ್ಲಿ ನಿಲ್ಲಬೇಕು, ಇಲ್ಲವೇ ಅದರ ಉಲ್ಟಾ: ಮೂರ್ನಾಡು, ನಾಪೋಕ್ಲು, ಭಾಗಮಂಡಲ, ಮಡಿಕೇರಿ, ಮೂರ್ನಾಡು, ವಿರಾಜಪೇಟೆ, ಸಿದ್ದಾಪುರ, ಮಡಿಕೇರಿ, ಕುಶಾಲನಗರ, ಸಿದ್ದಾಪುರ. ಬೆರಳಿಟ್ಟು ಎಣಿಸಿ, ಒಂಬತ್ತೂ ಮುಗಿದಿವೆ. ಮಡಿಕೇರಿಯಿಂದಲೇ ಹೊರಡುತ್ತೇನೆ ಎಂದು ಹಟ ಹಿಡಿದರೆ ಆಗದು.

1736ರ ಕೋನಿಗ್ಸ್‌ಬರ್ಗ್ ಕಥೆಯೂ ಇಷ್ಟೇ. ಇವತ್ತಿನ ರಷ್ಯಾದ ಕಲಿನಿನ್‌ಗ್ರಾಡ್ ಅದು. ಪ್ರತಿ ಸೇತುವೆಯನ್ನೂ ಸರಿಯಾಗಿ ಒಂದು ಸಲ ದಾಟಿ ಊರು ಸುತ್ತಬಹುದಾ ಎಂಬುದು ಅಲ್ಲಿನ ಪ್ರಶ್ನೆ, ಆಗದು ಎಂದು ತೋರಿಸಿದ್ದು ಆಯ್ಲರ್. ಏಳು ಸೇತುವೆ, ನಾಲ್ಕು ನೆಲ, ಡಿಗ್ರಿ 5, 3, 3, 3. ನಾಲ್ಕೂ ಬೆಸ, ಅದಕ್ಕೇ ದಾರಿ ಇಲ್ಲ.

ಇನ್ನು ವ್ಯಾನ್. ನಾಪೋಕ್ಲು, ಭಾಗಮಂಡಲ, ವಿರಾಜಪೇಟೆ, ಕುಶಾಲನಗರಕ್ಕೆ ಎರಡೆರಡೇ ರಸ್ತೆ. ಆ ಊರುಗಳಿಗೆ ಹೋಗಿ ಹೊರಬರಲು ಎರಡನ್ನೂ ಬಳಸಲೇಬೇಕು. ಅವನ್ನು ಗಟ್ಟಿಯಾಗಿ ಎಳೆದರೆ ಸಾಕು, ಉತ್ತರ ತಾನಾಗಿ ಕಾಣುತ್ತದೆ: ಮೂರ್ನಾಡು, ನಾಪೋಕ್ಲು, ಭಾಗಮಂಡಲ, ಮಡಿಕೇರಿ, ಕುಶಾಲನಗರ, ಸಿದ್ದಾಪುರ, ವಿರಾಜಪೇಟೆ, ಮತ್ತೆ ಮೂರ್ನಾಡು. ಹ್ಯಾಮಿಲ್ಟನ್ ಸರ್ಕ್ಯೂಟ್ ಇದೆ, ಆಯ್ಲರ್ ಸರ್ಕ್ಯೂಟ್ ಇಲ್ಲ. ಒಂದು ಇದ್ದರೆ ಇನ್ನೊಂದೂ ಇರುತ್ತದೆ ಎಂದು ಬರೆದವರಿಗೆ ಇದೇ ಉತ್ತರ.

ಆದರೆ ಇಲ್ಲಿ ಡಿಗ್ರಿ ನೋಡಿ ಹೇಳಿಬಿಡುವ ಪೂರ್ತಿ ನಿಯಮ ಇಲ್ಲ. 1952ರ ಡಿರಾಕ್ ಪ್ರಮೇಯ ಹೇಳುವುದು ಇಷ್ಟು: ಕನಿಷ್ಠ 3 ವರ್ಟೆಕ್ಸ್ ಇರುವ ಸರಳ ಗ್ರಾಫ್‌ನಲ್ಲಿ (ಎರಡು ಊರಿನ ನಡುವೆ ಒಂದಕ್ಕಿಂತ ಹೆಚ್ಚು ರಸ್ತೆ ಇಲ್ಲ, ಹೊರಟ ಊರಿಗೇ ತಿರುಗಿ ಸೇರುವ ರಸ್ತೆಯೂ ಇಲ್ಲ), ಪ್ರತಿ ಡಿಗ್ರಿಯೂ ವರ್ಟೆಕ್ಸ್ ಸಂಖ್ಯೆಯ ಅರ್ಧದಷ್ಟಾದರೂ ಇದ್ದರೆ ಹ್ಯಾಮಿಲ್ಟನ್ ಸರ್ಕ್ಯೂಟ್ ಖಂಡಿತ. ನಮ್ಮ 7 ಊರಿಗೆ 3.5 ಬೇಕಿತ್ತು, ಮಡಿಕೇರಿ ಬಿಟ್ಟು ಯಾವುದೂ ಅಷ್ಟಿಲ್ಲ. ಆದರೂ ಸರ್ಕ್ಯೂಟ್ ಸಿಕ್ಕಿತು! ಷರತ್ತು ಸಾಕು ಎನ್ನುವುದಕ್ಕೂ ಬೇಕೇಬೇಕು ಎನ್ನುವುದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ.

ಕೋಡ್ ಬರೆಯುವಾಗ ಈ ವ್ಯತ್ಯಾಸ ಚೆನ್ನಾಗಿ ಬಿಸಿ ಮುಟ್ಟಿಸುತ್ತದೆ. ಆಯ್ಲರ್‌ಗೆ ಡಿಗ್ರಿ ಎಣಿಸಲು ಒಂದು ಲೂಪ್, ಎಲ್ಲ ಸೇರಿಕೊಂಡಿದೆಯಾ ನೋಡಲು ಒಂದು ಡಿಎಫ್‌ಎಸ್ (ಒಂದು ಊರಿನಿಂದ ಹೊರಟು ರಸ್ತೆ ಹಿಡಿದು ಎಲ್ಲೆಲ್ಲಿ ತಲುಪಬಹುದೆಂದು ಹುಡುಕುವ ವಿಧಾನ), ಮುಗಿಯಿತು. ಹ್ಯಾಮಿಲ್ಟನ್‌ಗೆ ಸುಮ್ನೆ ಎಲ್ಲ ಸರದಿ ಪರೀಕ್ಷಿಸಿದರೆ, ಹೊರಡುವ ಊರು ಖಾಯಂ ಮಾಡಿದರೂ 7 ಊರಿಗೆ 6! (6×5×4×3×2×1) ಅಂದರೆ 720. 15 ಊರಾದರೆ 14!, ಸುಮಾರು 8,717 ಕೋಟಿ. ಕಂಪ್ಯೂಟರ್ ವಿಜ್ಞಾನಿ ರಿಚರ್ಡ್ ಕಾರ್ಪ್ 1972ರಲ್ಲಿ ಕೊಟ್ಟ 21 ಎನ್‌ಪಿ-ಕಂಪ್ಲೀಟ್ ಸಮಸ್ಯೆಗಳಲ್ಲಿ (ಎಲ್ಲ ಸಂದರ್ಭಕ್ಕೂ ವೇಗವಾಗಿ ಬಿಡಿಸುವ ದಾರಿ ಇನ್ನೂ ಯಾರಿಗೂ ಸಿಕ್ಕಿಲ್ಲದ ಸಮಸ್ಯೆಗಳು) ಇದೂ ಸೇರಿದೆ.

ನಿಮಗೊಂದು ಲೆಕ್ಕ. ಗ್ರಾಫ್‌ಗೆ ತಲಕಾವೇರಿ ಸೇರಿಸಿ, ಅದಕ್ಕೆ ಭಾಗಮಂಡಲದಿಂದ ಒಂದೇ ರಸ್ತೆ. ಆಮೇಲೆ ಜೋರು ಮಳೆಗೆ ನಾಪೋಕ್ಲು–ಭಾಗಮಂಡಲ ರಸ್ತೆ ನೀರಿನಲ್ಲಿ ಮುಳುಗಿತು ಎಂದು ಅಳಿಸಿ. ಬೆಸ ಊರು ಎಷ್ಟು? ಜೀಪ್‌ಗೆ ದಾರಿ ಉಂಟಾ? ವ್ಯಾನ್‌ಗಂತೂ ಪಾಥ್ ಉಂಟು, ಅದರ ಎರಡು ತುದಿ ಯಾವುದೆಂದು ಡಿಗ್ರಿ 1 ಇರುವ ಊರುಗಳೇ ಹೇಳುತ್ತವೆ.