ತಿಳಿನೀರಿನಲ್ಲಿ ಉಳಿದುಬಿಡುವ ಸಾರಜನಕ

ಹೋಮ್‌ಸ್ಟೇಯ ಎಸ್‌ಟಿಪಿಯಿಂದ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಹೊರಬಂದ ನೀರು ತಿಳಿಯಾಗಿದೆ, ವಾಸನೆಯಿಲ್ಲ ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ತೊಟ್ಟಿಗೆ ಗಾಳಿ ಊದುವ ಬ್ಲೋವರ್ ದಿನವಿಡೀ ಓಡಿದರೆ ಕೊಳಚೆಯ ಅಮೋನಿಯ ನೈಟ್ರೇಟ್ ಆಗುತ್ತದೆ, ಅಷ್ಟೆ; ಎರಡರಲ್ಲೂ ಇರುವುದು ಅದೇ ಸಾರಜನಕ. ಲೀಟರಿಗೆ 40 ಮಿ.ಗ್ರಾಂ ಅಮೋನಿಯ ಸಾರಜನಕವಿದ್ದರೆ ಕೊನೆಗೆ ಸುಮಾರು 177 ಮಿ.ಗ್ರಾಂ ನೈಟ್ರೇಟ್. ಕುಡಿಯುವ ನೀರಿಗೆ ನಮ್ಮ ಮಾನಕದ ಮಿತಿ 45. ತೋಟದ ಇಳಿಜಾರಿನ ಬುಡದಲ್ಲಿ ತೆರೆದ ಬಾವಿ ಇರುವವರು ಗಮನಿಸಬೇಕು.

ಉಪಾಯ ಸರಳ: ಗಾಳಿ ತೊಟ್ಟಿಯ ಮುಂಚೆ ಗಾಳಿಯಿಲ್ಲದ ಒಂದು ತೊಟ್ಟಿ. ನೈಟ್ರೇಟ್ ತುಂಬಿದ ನೀರನ್ನು ಹಿಂದಕ್ಕೆ ಅಲ್ಲಿಗೇ ಪಂಪ್ ಮಾಡಿ ಹೊಸ ಕೊಳಚೆಯೊಂದಿಗೆ ನಿಧಾನವಾಗಿ ಕಲಕಬೇಕು. ಆಮ್ಲಜನಕ ಸಿಗದ ಬ್ಯಾಕ್ಟೀರಿಯ ಕೊಳಚೆ ತಿಂದು ನೈಟ್ರೇಟನ್ನೇ ಉಸಿರಾಡುತ್ತವೆ. ಸಾರಜನಕ ಅನಿಲವಾಗಿ ಹೋಗುತ್ತದೆ. ದಿನಕ್ಕೆ 10,000 ಲೀಟರ್ ಬರುವಲ್ಲಿ ಅದರ ಮೂರು ಪಟ್ಟು, ಅಂದರೆ ಗಂಟೆಗೆ 1,250 ಲೀಟರ್ ಹಿಂತಿರುಗಿಸಿದರೆ ಹೆಚ್ಚೆಂದರೆ 75% ನೈಟ್ರೇಟ್ ಹೋಗುತ್ತದೆ. ಪಂಪಿನ ಬಾಯಿ ಗುಳ್ಳೆ ಏಳುವ ಜಾಗದಲ್ಲಿರಬಾರದು. ನೀರಿನ ಜೊತೆ ಆಮ್ಲಜನಕವೂ ಹೋದರೆ ಬ್ಯಾಕ್ಟೀರಿಯ ನೈಟ್ರೇಟಿನ ತಂಟೆಗೇ ಹೋಗುವುದಿಲ್ಲ. ಮಾಡಿನ ಮಳೆನೀರನ್ನೂ ಈ ಪೈಪಿಗೆ ಬಿಡಬೇಡಿ. ಕೊಳಚೆ ತೆಳುವಾದರೆ ಅವಕ್ಕೆ ತಿನ್ನಲು ಸಾಲದು.

ಕೊಡಗಿನಲ್ಲಿ ನಿಜವಾಗಿ ಕೈಕೊಡುವುದು ಕ್ಷಾರತೆ, ಅಂದರೆ ಹುಳಿಯನ್ನು ತಡೆದುಕೊಳ್ಳುವ ನೀರಿನ ಶಕ್ತಿ (ಲೆಕ್ಕ ಕ್ಯಾಲ್ಸಿಯಂ ಕಾರ್ಬೊನೇಟ್ ರೂಪದಲ್ಲಿ). 1 ಗ್ರಾಂ ಅಮೋನಿಯ ಸಾರಜನಕ ನೈಟ್ರೇಟ್ ಆಗಲು 7.14 ಗ್ರಾಂ ಕ್ಷಾರತೆ ಖರ್ಚಾಗುತ್ತದೆ. ನಮ್ಮ ಬಾವಿ, ತೋಡುಗಳ ನೀರು ಮೆದು. ಬಾವಿಯಿಂದ 50, ಮೂತ್ರದ ಯೂರಿಯ ಒಡೆದು ಸುಮಾರು 143, ಒಟ್ಟು ಲೀಟರಿಗೆ 193 ಮಿ.ಗ್ರಾಂ ಎಂದುಕೊಳ್ಳಿ. ಆ 40 ಮಿ.ಗ್ರಾಂ ಸಾರಜನಕಕ್ಕೆ ಬೇಕಿರುವುದು 286! ನೈಟ್ರೇಟ್ ತೆಗೆದಾಗ ಹೋದ ಸಾರಜನಕದ (40ರ 75%, ಅಂದರೆ 30 ಮಿ.ಗ್ರಾಂ) ಗ್ರಾಂಗೆ 3.57ರಂತೆ 107 ವಾಪಸು ಬರುತ್ತದೆ. ಉಳಿದದ್ದು 14. ಪಿಎಚ್ ಕುಸಿಯದಿರಲು 70 ಆದರೂ ಉಳಿಯಬೇಕು. ಈ ಕೊರತೆಗೆ ದಿನಕ್ಕೆ ಸುಮಾರು ಒಂದು ಕಿಲೋ ಅಡುಗೆ ಸೋಡಾ ಸಾಕು. ಪಿಎಚ್ 6.5ಕ್ಕಿಂತ ಕೆಳಗಿಳಿದ ಮೇಲೆ, ಅಮೋನಿಯ ಕರಗುತ್ತಿಲ್ಲವೆಂದು ಎರಡನೇ ಬ್ಲೋವರ್ ಕೊಳ್ಳುವುದು ದುಡ್ಡು ದಂಡ.

ಡಿಸೆಂಬರ್ ಕೊನೆಯ ವಾರ ಎರಡು ಕಷ್ಟ ಒಟ್ಟಿಗೆ ಬರುತ್ತವೆ: ಚಳಿ ಮತ್ತು ಭರ್ತಿ ರೂಮುಗಳು. ಅಮೋನಿಯ ತಿನ್ನುವ ಬ್ಯಾಕ್ಟೀರಿಯ ಮೊದಲೇ ನಿಧಾನಸ್ಥ, 15 ಡಿಗ್ರಿಯ ನೀರಿನಲ್ಲಿ ಇನ್ನೂ ಜಡ. ಅಂಟಿಕೊಂಡು ಬೆಳೆಯಲು ಪ್ಲಾಸ್ಟಿಕ್ ಬಿಲ್ಲೆಗಳಿದ್ದರೆ ಅವು ಕೊಚ್ಚಿಹೋಗುವುದಿಲ್ಲ. ಬಾತ್‌ರೂಮಿಗೆ ಬ್ಲೀಚಿಂಗ್ ಪೌಡರ್ ಸುರಿದರೆ ಮಾತ್ರ ಬಿಲ್ಲೆಯೂ ಕಾಪಾಡದು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ನ ನೀರನ್ನಂತೂ ಇತ್ತ ಬಿಡಲೇಬಾರದು; ಅದರ ಹುಳಿ ಇರುವ ಕ್ಷಾರತೆಯನ್ನೂ ನುಂಗುತ್ತದೆ.

ಒಂದು ಸಣ್ಣ ಪರೀಕ್ಷೆ. ಗಾಳಿ ತೊಟ್ಟಿಯಲ್ಲಿ ಕೆಸರು ತೇಲುವ ಬಗೆಯ ಎಸ್‌ಟಿಪಿಯಾದರೆ ಅದರ ನೀರನ್ನು ಒಂದು ಲೀಟರಿನ ಗಾಜಿನ ಜಾಡಿಗೆ ತುಂಬಿಡಿ. ಅರ್ಧ ಗಂಟೆಯಲ್ಲಿ ಕಂದು ಕೆಸರು ತಳ ಸೇರುತ್ತದೆ. ಒಂದೆರಡು ಗಂಟೆ ಬಿಟ್ಟು ನೋಡಿದರೆ ಅದೇ ಕೆಸರು ಸಾಸಿವೆಗಿಂತ ಸಣ್ಣ ಗುಳ್ಳೆಗಳನ್ನು ಹೊತ್ತು ಗಡ್ಡೆಗಟ್ಟಿ ಮೇಲೇಳಬಹುದು. ಅದು ಸಾರಜನಕ: ನೈಟ್ರೇಟ್ ಉಳಿದಿದೆ, ಹೋಗಬೇಕಾದ ತೊಟ್ಟಿಯಲ್ಲಿ ಹೋಗಿಲ್ಲ.

ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಈ ಸಾರಜನಕ ಗೊಬ್ಬರವೇ ಅಲ್ಲವೇ? ಹೌದು, 10,000 ಲೀಟರಿನಲ್ಲಿ 400 ಗ್ರಾಂ. ಯೂರಿಯ ಲೆಕ್ಕದಲ್ಲಿ ಸುಮಾರು 870 ಗ್ರಾಂ. ಆದರೆ ಅದನ್ನು ಉಳಿಸಿಕೊಳ್ಳಲೆಂದು ಹಿಂದಿರುಗಿಸುವ ಪಂಪ್ ನಿಲ್ಲಿಸಿದರೆ ವಾಪಸು ಬರುತ್ತಿದ್ದ ಆ 107 ಕ್ಷಾರತೆ ಕೂಡ ಹೋಯಿತು. ಸೋಡಾ ದಿನಕ್ಕೆ 2.7 ಕಿಲೋಗೆ ಏರಿ ಸೋಡಿಯಂ ಮಣ್ಣಿಗಿಳಿಯುತ್ತದೆ. ಆಗ 1.2 ಕಿಲೋ ಅರಳಿದ ಸುಣ್ಣವನ್ನು ತೆಳ್ಳಗೆ ಕದಡಿ, ದಿನವಿಡೀ ಹನಿಹನಿಯಾಗಿ ಬಿಡುವುದು ಮೇಲು.