ಇಷ್ಟೊಂದು ಸೋಲಾರ್ ಇರುವಾಗ ಕೈಗಾ ಯಾಕೆ?

ಓದುಗರ ಪ್ರಶ್ನೆ: ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್. ಕೈಗಾದ ನಾಲ್ಕೂ ಘಟಕ ಸೇರಿದರೂ 880 ಮೆಗಾವ್ಯಾಟ್ ಅಷ್ಟೇ. ಹಾಗಿದ್ದ ಮೇಲೆ ಅಣು ವಿದ್ಯುತ್ತಿನ ಗೊಡವೆ ಯಾಕೆ? ಬಿಸಿಲು, ಗಾಳಿಯನ್ನೇ ನೆಚ್ಚಿಕೊಂಡರೆ ಆಗಲ್ವಾ?

ಈ ಲೆಕ್ಕ ಸ್ವಲ್ಪ ಮೋಸದ್ದು. ಮೆಗಾವ್ಯಾಟ್ ಹೇಳುವುದು ಒಂದು ಗಳಿಗೆಯಲ್ಲಿ ಹೆಚ್ಚೆಂದರೆ ಎಷ್ಟು ಕೊಡಬಹುದು ಅಂತ. ನಾವು ಬಳಸುವುದು, ಬಿಲ್ ಕಟ್ಟುವುದು ಯೂನಿಟ್ ಲೆಕ್ಕದಲ್ಲಿ. ಬೆಳಗಿನ ಎಳೆಬಿಸಿಲು, ಮೋಡ, ಸಂಜೆ ಎಲ್ಲ ಕಳೆದರೆ ಪಾವಗಡದ ಪ್ಯಾನೆಲ್‌ಗಳು ದಿನಕ್ಕೆ ಐದು ತಾಸು ಪೂರ್ತಿ ಓಡಿದಷ್ಟು ಕೊಡುತ್ತವೆ ಅಂದುಕೊಳ್ಳಿ. ಅಲ್ಲಿಗೆ ಸುಮಾರು ಒಂದು ಕೋಟಿ ಯೂನಿಟ್. ಕೈಗಾ ರಾತ್ರಿಯೂ ಓಡುತ್ತದೆ. ನಾಲ್ಕೂ ಘಟಕ ಪೂರ್ತಿ ಓಡಿದ ದಿನ ಎರಡು ಕೋಟಿ ದಾಟುತ್ತದೆ. ಅದರ 1ನೇ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿ ಆಗ ವಿಶ್ವದಾಖಲೆ ಮಾಡಿತ್ತು. ಅಂಥದ್ದನ್ನು ಮುಚ್ಚಿ ಅನ್ನುವುದು ನನಗೆ ಸರಿ ಕಾಣಲ್ಲ. ಜರ್ಮನಿ 2023ರ ಏಪ್ರಿಲ್‌ನಲ್ಲಿ ತನ್ನ ಕೊನೆಯ ಮೂರು ಅಣು ಘಟಕ ಮುಚ್ಚಿದಾಗ ಅಲ್ಲಿ ಕಲ್ಲಿದ್ದಲು ಇನ್ನೂ ಉರಿಯುತ್ತಿತ್ತು. ಮೊದಲು ಹೋಗಬೇಕಾದ್ದು ಯಾವುದು ಹೇಳಿ!

ಆದರೆ ಹೊಸ ದುಡ್ಡು ಎಲ್ಲಿಗೆ ಹಾಕಬೇಕು ಅಂದರೆ ನನ್ನ ಓಟು ಬಿಸಿಲು ಗಾಳಿಗೇ. ಮುಖ್ಯ ಕಾರಣ ಸಮಯ. ಕೈಗಾದಲ್ಲಿ ಬರಲಿರುವ 5 ಮತ್ತು 6ನೇ ಘಟಕ ತಲಾ 700 ಮೆಗಾವ್ಯಾಟಿನವು. ಇದೇ ಮಾದರಿಯ ಮೊದಲ ಘಟಕ ಗುಜರಾತಿನ ಕಾಕ್ರಪಾರದಲ್ಲಿದೆ. ಅದಕ್ಕೆ ಕಾಂಕ್ರೀಟ್ ಬಿದ್ದದ್ದು 2010ರಲ್ಲಿ, ವಾಣಿಜ್ಯ ಉತ್ಪಾದನೆ ಶುರುವಾದದ್ದು 2023ರ ಜೂನ್‌ನಲ್ಲಿ. ಮೊದಲನೆಯದು, ತಡವಾಯಿತು, ಮುಂದಿನವು ಬೇಗ ಆಗಬಹುದು, ಒಪ್ಪೋಣ. ಆದರೂ ಪಾವಗಡ ನೋಡಿ: ಕೆಲಸ ಕೈಗೆತ್ತಿಕೊಂಡದ್ದು 2015ರ ಹೊತ್ತಿಗೆ, 2019ರ ಕೊನೆಗೆ 2,050 ಮೆಗಾವ್ಯಾಟ್ ಪೂರ್ತಿ. ಬಳಸಿದ ಅಣು ಇಂಧನವನ್ನು ತಲೆತಲಾಂತರ ಕಾಯುವ ಪಾಡೂ ಇಲ್ಲ.

ನಿಜವಾದ ತಲೆನೋವು ಇರುವುದು ಸಂಜೆ ಆರೂವರೆಗೆ. ಮಧ್ಯಾಹ್ನ ಸೋಲಾರ್ ಧಾರಾಳವಾಗಿ ಬರುತ್ತದೆ. ಆಗ ಯಾವ ಸ್ಥಾವರ ಎಷ್ಟು ಓಡಬೇಕು ಅಂತ ಹೇಳುವ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಸೆಂಟರ್‌ನವರು ರಾಯಚೂರಿನಂಥ ಕಡೆ ಕಲ್ಲಿದ್ದಲು ಘಟಕಗಳನ್ನು ತಗ್ಗಿಸುತ್ತಾರೆ. ಸೂರ್ಯ ಇಳಿಯುತ್ತಾನೆ, ಅದೇ ಹೊತ್ತಿಗೆ ಮನೆಮನೆಯಲ್ಲೂ ಲೈಟು, ಟಿವಿ, ಮಿಕ್ಸಿ ಶುರು. ಒಂದೆರಡು ತಾಸಿನಲ್ಲಿ ಬೇಡಿಕೆ ಏರುತ್ತದೆ, ಸೋಲಾರ್ ಸೊನ್ನೆಗೆ ಬರುತ್ತದೆ. ಈ ಏರನ್ನು ಹತ್ತಿಸುವುದು ಕೈಗಾ ಅಲ್ಲ. ಅದು ಒಂದೇ ಹದದಲ್ಲಿ ಓಡುವ ಸ್ಥಾವರ, ಗಂಟೆಗೊಮ್ಮೆ ಏರಿಸಿ ಇಳಿಸುವಂಥದ್ದಲ್ಲ. ಶರಾವತಿಯ ಹತ್ತು ಟರ್ಬೈನ್‌ಗಳು, ಒಟ್ಟು 1,035 ಮೆಗಾವ್ಯಾಟ್, ನೀರು ಬಿಟ್ಟ ಕೆಲವೇ ನಿಮಿಷದಲ್ಲಿ ವಿದ್ಯುತ್ ಕೊಡುತ್ತವೆ. ಅಂದರೆ ಇನ್ನೆರಡು ಅಣು ಘಟಕ ಬಂದರೂ ಸಂಜೆಯ ಏರು ಹಾಗೇ ಉಳಿಯುತ್ತದೆ. ಬೇಕಾದ್ದು ಮಧ್ಯಾಹ್ನದ್ದನ್ನು ಸಂಜೆಗೆ ಎತ್ತಿಡುವ ದಾರಿ.

ಅದಕ್ಕೆಂದೇ ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಹಾಕಿಕೊಂಡಿದ್ದಾರೆ. ಹಗಲು ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತುವುದು, ಸಂಜೆ ಕೆಳಗೆ ಬಿಡುವುದು. ತಂತ್ರ ಒಳ್ಳೆಯದೇ, ಜಾಗ ತಪ್ಪು. ಅದು ಸಿಂಗಳೀಕಗಳ ಅಭಯಾರಣ್ಯ. ನನ್ನನ್ನು ಕೇಳಿದರೆ ದೊಡ್ಡ ಬ್ಯಾಟರಿಗಳನ್ನು ಪಾವಗಡದ ಸಬ್‌ಸ್ಟೇಷನ್‌ಗಳ ಪಕ್ಕದಲ್ಲೇ ಇಡಬೇಕು. ಅಲ್ಲಿಂದ ಹೊರಡುವ ಹೈಟೆನ್ಷನ್ ಲೈನುಗಳು ಸೋಲಾರ್ ಹೊರುವುದು ಹಗಲು ಮಾತ್ರ. ಅದೇ ತಂತಿ ಸಂಜೆ ಬ್ಯಾಟರಿಯ ವಿದ್ಯುತ್ ಹೊರಬಹುದು. ಮರ ಕಡಿಯುವುದೂ ಬೇಡ, ಹೊಸ ಟವರೂ ಜಾಸ್ತಿ ಬೇಡ.

ಗಾಳಿ ನಮಗೆ ಇನ್ನೊಂದು ಕಡೆಯಿಂದ ಕೈಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದು ಸೋಲಾರ್ ಕುಗ್ಗಿದಾಗಲೇ ಚಿತ್ರದುರ್ಗ, ಗದಗ ಕಡೆಯ ಗಾಳಿಯಂತ್ರಗಳು ಜೋರಾಗಿ ತಿರುಗುತ್ತವೆ. ಅದೇ ಮಳೆಗೆ ಶರಾವತಿಯ ಟರ್ಬೈನ್‌ಗಳಿಗೆ ನೀರು ಕೊಡುವ ಲಿಂಗನಮಕ್ಕಿ ಜಲಾಶಯವೂ ತುಂಬುತ್ತದೆ. ಮಳೆ ಕೈಕೊಟ್ಟರೆ ಮಾತ್ರ ಕಷ್ಟ. 2023ರಲ್ಲಿ ಹಾಗೇ ಆಯಿತು. ಜಲಾಶಯ ತುಂಬಲಿಲ್ಲ, ಪಂಪ್‌ಸೆಟ್‌ಗಳು ಅಕಾಲದಲ್ಲಿ ಓಡಿದವು, ರಾಜ್ಯ ಉತ್ತರ ಪ್ರದೇಶ, ಪಂಜಾಬ್‌ಗಳಿಂದ ವಿದ್ಯುತ್ ತರಬೇಕಾಯಿತು. ಬ್ಯಾಟರಿ ಕೆಲವು ತಾಸಿನ ಕೊರತೆ ನೀಗಿಸುತ್ತದೆ, ತಿಂಗಳುಗಟ್ಟಲೆ ಬರವನ್ನಲ್ಲ. ಇರುವ ನಾಲ್ಕು ಘಟಕ ಆಯಸ್ಸು ಮುಗಿಯುವವರೆಗೂ ಓಡಲಿ ಎನ್ನುವುದು ಇದಕ್ಕೇ, ಅದರ ವಿದ್ಯುತ್ತನ್ನು ನೆರೆ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಿದ್ದರೂ.